ಹಳೇ ಜೀಪಿಗೆ ಹೊಸ ಶಾಕ್ ಅಬ್ಸಾರ್ಬರ್: ಅಳತೆ ಹಿಡಿದು ನಾನೇ ಹಾಕಿದ್ದು

ನಮ್ಮ ಕಲಬುರಗಿ ಕಡೆ ಶಾಕ್ ಅಬ್ಸಾರ್ಬರ್‌ಗೆ ಆಯಸ್ಸು ಕಡಿಮೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಅಲೆ ಅಲೆಯಾಗಿ ಏಳುತ್ತದೆ. ಶಹಾಬಾದ್, ಚಿತ್ತಾಪುರ ಕಡೆ ಹೋದರೆ ಫರಸಿ ಕಲ್ಲಿನ ಗಣಿಗಳು, ಹಾದಿ ತುಂಬ ಚೂಪು ಚಕ್ಕೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ. ನನ್ನದು ಹಳೇ ಮಹೀಂದ್ರ ಜೀಪು, ನಾಲ್ಕೂ ಕಡೆ ಪಾಟಾ, ಅಂದರೆ ಪಟ್ಟಿ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್. ಅದರಲ್ಲೇ ಹೊಲಕ್ಕೆ ಹೋಗುತ್ತೇನೆ, ಬಿಡುವಾದಾಗ ಚಿಂಚೋಳಿ ದಾಟಿ ಕುಂಚಾವರಂ ಕಡೆಯ ಕಲ್ಲು ಹಾದಿಗೂ ಹೋಗುತ್ತೇನೆ. ಈ ಸಲ ನಾಲ್ಕೂ ಶಾಕ್ ನಾನೇ ಬದಲಾಯಿಸಿದೆ.

ಪಕ್ಕದ ಮನೆ ಕಾಕಾ ಹೊಸ ಡಬ್ಬಿ ನೋಡಿ ಕೇಳಿದರು: "ಶಾಕಪ್ಸರ್ ಹೊಸಾವು ಹಾಕಿದ್ರ ಗಾಡಿ ಎತ್ತರ ಆಗ್ತದೇನು?"

"ಆಗಂಗಿಲ್ರಿ ಕಾಕಾ. ಭಾರ ಹೊರೋದು ಪಾಟಾ. ಇದು ಬರೀ ಕುಣಿಯೋದು ನಿಲ್ಲಸ್ತದ."

ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. ಶಾಕ್ ಒಳಗೆ ಎಣ್ಣೆ ಇರುತ್ತದೆ, ಸಣ್ಣ ತೂತುಗಳಿರುವ ಪಿಸ್ಟನ್ ಇರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ತೂತುಗಳಲ್ಲಿ ತಿಣುಕಿ ಹಾಯಬೇಕು. ಕುಣಿತದ ಶಕ್ತಿ ಹಾಗೆ ಬಿಸಿಯಾಗಿ ಹೋಗುತ್ತದೆ. ಪಾಟಾ ಕುಸಿದಿದ್ದರೆ, ಪಾಟಾದ ತುದಿಯನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಸೇರಿಸುವ ಶ್ಯಾಕಲ್‌ನ ಬುಶ್ ತಿಂದಿದ್ದರೆ, ಪಾಟಾವನ್ನು ಆಕ್ಸಲ್‌ಗೆ (ಚಕ್ರದ ಅಚ್ಚಿಗೆ) ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಎಂಥಾ ದುಬಾರಿ ಶಾಕ್ ಹಾಕಿದರೂ ಸುಮ್ನೆ ದುಡ್ಡು ದಂಡ. ಅದಕ್ಕೆ ನಾನು ಮೊದಲು ಟೈರಿನ ಗಾಳಿ ನೋಡಿದೆ, ಆಮೇಲೆ ಪಾಟಾ, ಕೊನೆಗೆ ಶಾಕ್.

ಹಿಂದಿನ ಎಡಗಡೆ ಶಾಕ್‌ನಿಂದ ಎಣ್ಣೆ ಇಳಿದು ಕೆಳಗಿನ ಕಣ್ಣಿನವರೆಗೂ (ಪಿನ್ನಿಗೆ ಸಿಕ್ಕಿಸುವ ಬಳೆಯವರೆಗೂ) ಬಂದಿತ್ತು. ಅದಕ್ಕೆ ಧೂಳು ಮೆತ್ತಿ ಕರಿ ಪದರ ಕಟ್ಟಿತ್ತು. ಸೀಲ್ ಹತ್ತಿರ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಹೆದರಬೇಕಿಲ್ಲ, ಅದು ಸಹಜ. ಹೀಗೆ ಇಳಿದು ಹರಿದಿದ್ದರೆ ಅದರ ಕತೆ ಮುಗಿಯಿತು. ಮೂಲೆ ಒತ್ತಿ ಬಿಟ್ಟರೆ ಗಾಡಿ ಒಂದು ಸಲ ಎದ್ದು ನಿಲ್ಲಬೇಕು, ಇದು ತೂಗಾಡುತ್ತಲೇ ಇತ್ತು. ಟೈರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದದ್ದು ಗೊತ್ತಾಗುತ್ತಿತ್ತು. ಕೆಟ್ಟದ್ದು ಒಂದೇ ಇದ್ದರೂ ಒಂದು ಆಕ್ಸಲ್‌ಗೆ ಜೋಡಿಯಾಗಿಯೇ ಹಾಕಬೇಕು. ಇಲ್ಲದಿದ್ದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಜೋರಾಗಿ ಬ್ರೇಕ್ ಹಾಕಿದಾಗ ಅದರ ತೊಂದರೆ ಗೊತ್ತಾಗುತ್ತದೆ.

ಆರಿಸುವಾಗ ಎಲ್ಲರೂ ಕೇಳುವುದು ಯಾವ ಕಂಪನಿ ಅಂತ. ನಾನು ಕೇಳುವುದು ಉದ್ದ ಎಷ್ಟು ಅಂತ. ಅಂಗಡಿಯಲ್ಲಿ "ಜೀಪಿಗೆ ಬರ್ತದ್ರೀ" ಅಂದರೆ ಸಾಲದು. ಹಳೇ ಜೀಪುಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಪಾಟಾ ಸೇರಿಸಿರುತ್ತಾರೆ, ತೆಗೆದಿರುತ್ತಾರೆ. ಎತ್ತರವೇ ಬೇರೆ ಆಗಿರುತ್ತದೆ. ಅದಕ್ಕೆ ನಿಮ್ಮ ಗಾಡಿಯ ಅಳತೆ ನೀವೇ ಹಿಡಿಯಬೇಕು.

ಗಾಡಿ ಸಮ ನೆಲದ ಮೇಲೆ ನಿಂತಾಗ ನನ್ನ ಜೀಪಿನ ಹಿಂದೆ, ಶಾಕ್ ಕೂರುವ ಮೇಲಿನ ಪಿನ್ನಿನ ನಡುವಿನಿಂದ ಕೆಳಗಿನ ಪಿನ್ನಿನ ನಡುವಿಗೆ 42 ಸೆಂ.ಮೀ. ಬಂತು. ಆಕ್ಸಲ್ ಮೇಲೆದ್ದು ಬಂಪ್ ರಬ್ಬರಿಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ದಿಮ್ಮಿಗೆ) ತಾಗಲು 8 ಸೆಂ.ಮೀ. ಜಾಗ ಇತ್ತು. ಕಳೆದರೆ 34. ರಬ್ಬರ್ ಒತ್ತಿ ಚಪ್ಪಟೆಯಾಗಲು ಇನ್ನೂ 2 ಬಿಟ್ಟರೆ 32. ಅಂದರೆ ಪೂರ್ತಿ ಮುಚ್ಚಿದ ಶಾಕ್ 32 ಸೆಂ.ಮೀ. ಮೀರಬಾರದು. ಮೀರಿದರೆ ಬಂಪ್ ರಬ್ಬರಿನ ಬದಲು ಶಾಕ್ ಏಟು ತಿನ್ನುತ್ತದೆ. ಒಳಗಿನ ವಾಲ್ವ್ ಒಡೆಯುತ್ತದೆ, ಇಲ್ಲವೇ ಚಾಸಿಯ ಬ್ರಾಕೆಟ್ ಕಿತ್ತು ಬರುತ್ತದೆ.

ಇನ್ನೊಂದು ಅಳತೆ ಚಕ್ರ ಜೋತು ಬಿದ್ದಾಗಿನದು. ಚಾಸಿಗೆ ಸ್ಟ್ಯಾಂಡ್ ಕೊಟ್ಟೆ, ಶಾಕ್ ಬಿಚ್ಚಿದೆ, ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು ನಿಧಾನ ಇಳಿಸಿದೆ. ಈ ಹೊತ್ತಿನಲ್ಲಿ ಕಣ್ಣು ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಪೈಪಿನ (ಬ್ರೇಕ್ ಹೋಸ್) ಮೇಲೇ ಇರಬೇಕು. ಅದು ಬಿಗಿಯುವ ಮೊದಲೇ ನಿಲ್ಲಿಸಬೇಕು. ನನಗೆ 50 ಸೆಂ.ಮೀ. ಬಂತು. ಪೂರ್ತಿ ತೆರೆದಾಗ ಅದಕ್ಕಿಂತ ತುಸು ಜಾಸ್ತಿ ಇರುವ ಶಾಕ್ ಬೇಕು, ಇಲ್ಲದಿದ್ದರೆ ತಗ್ಗಿಗೆ ಚಕ್ರ ಇಳಿದಾಗೆಲ್ಲ ಇಡೀ ಆಕ್ಸಲ್ ಶಾಕ್‌ಗೆ ನೇತಾಡುತ್ತದೆ. ಮುಚ್ಚಿದಾಗ 31.5, ತೆರೆದಾಗ 51.5 ಇದ್ದ ಜೋಡಿ ಸಿಕ್ಕಿತು. ಅಂಗಡಿಗೆ ಟೇಪ್ ತಗೊಂಡೇ ಹೋಗಿದ್ದೆ. ಮುಂದಿನ ಜೋಡಿಗೂ ಇದೇ ಲೆಕ್ಕ ಹಾಕಿದೆ, ಅಂಕಿ ಮಾತ್ರ ಬೇರೆ.

ಇನ್ನು ಜಾತಿ. ಬರೀ ಎಣ್ಣೆಯದು ಅಗ್ಗ. ಆದರೆ ಅಲೆ ಅಲೆ ಹಾದಿಯಲ್ಲಿ ತುಂಬಾ ಹೊತ್ತು ಓಡಿದರೆ ಎಣ್ಣೆಯಲ್ಲಿ ನೊರೆ ಏಳುತ್ತದೆ, ಹಿಡಿತ ತಪ್ಪುತ್ತದೆ. ನೈಟ್ರೋಜನ್ ಗ್ಯಾಸ್ ತುಂಬಿದ್ದರೆ ನೊರೆ ಕಡಿಮೆ. ಗ್ಯಾಸಿನಲ್ಲೂ ಎರಡು ಬಗೆ, ಒಂದೇ ಕೊಳವೆಯದು ಮತ್ತು ಜೋಡಿ ಕೊಳವೆಯದು. ಒಂದೇ ಕೊಳವೆಯದು ಬೇಗ ತಣಿಯುತ್ತದೆ, ನಮ್ಮ ಬಿಸಿಲಿಗೆ ಅದೇ ಸರಿ ಅನ್ನಿಸಬಹುದು. ಆದರೆ ಅದರ ಹೊರಗಿನ ಗೋಡೆಯೇ ಪಿಸ್ಟನ್ ಓಡಾಡುವ ಗೋಡೆ. ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಜೋಡಿ ಕೊಳವೆಯದಕ್ಕೆ ಹೊರಗೆ ಸಣ್ಣ ತಗ್ಗು ಬಿದ್ದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಫರಸಿ ಚಕ್ಕೆ ಸಿಡಿಯುವ ನಮ್ಮ ಹಾದಿಗೆ ನಾನು ಜೋಡಿ ಕೊಳವೆಯ ಗ್ಯಾಸ್ ಶಾಕ್ ತಗೊಂಡೆ. ತೀರಾ ಬಿಗಿಯದೂ ಬೇಡ. ಖಾಲಿ ಜೀಪಿಗೆ ಬಿಗಿ ಶಾಕ್ ಹಾಕಿದರೆ ಟೈರು ಕಲ್ಲಿನ ಮೇಲೆ ಕೂರುವುದೇ ಇಲ್ಲ, ಹಾರುತ್ತದೆ. ಏರು ಹಾದಿಯಲ್ಲಿ ಹಿಡಿತವೇ ಮುಖ್ಯ ಅಲ್ವಾ?

ಹಾಕುವ ಕೆಲಸದಲ್ಲಿ ಕಷ್ಟವೆಲ್ಲ ಹಳೇ ನಟ್ಟು ಬಿಚ್ಚುವುದರಲ್ಲಿದೆ. ಎರೆ ಮಣ್ಣು ಒಳಗೆ ಕೂತು ಒಣಗಿ ಗಟ್ಟಿಯಾಗಿರುತ್ತದೆ, ಅದರಡಿ ತುಕ್ಕು. ಹಿಂದಿನ ದಿನವೇ ಮಣ್ಣು ಕೆರೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದೆ. ಮೂರು ನಟ್ಟು ಆದರೂ ಬಿಡಲಿಲ್ಲ, ಗರಗಸ ಹಿಡಿದು ಕೊಯ್ದೆ. ಗ್ಯಾಸ್ ಬೆಂಕಿ ಹಚ್ಚಿ ಕಾಯಿಸುವವರಿದ್ದಾರೆ. ಶಾಕ್ ಹತ್ತಿರ ಅದು ಬೇಡವೇ ಬೇಡ. ಒಳಗೆ ಎಣ್ಣೆ, ಒತ್ತಡದ ಗ್ಯಾಸ್ ಎರಡೂ ಇರುತ್ತವೆ, ಸಿಡಿದರೆ ಮುಖಕ್ಕೇ ಬರುತ್ತದೆ.

ಜೀಪಿನ ಕೆಳಗೆ ಜಾಗ ಜಾಸ್ತಿ. ಹಾಗಾಗಿ ಹಾಕುವಾಗ ನಾಲ್ಕೂ ಚಕ್ರ ನೆಲದ ಮೇಲೇ ಇಟ್ಟೆ. ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಒಂದು ಬಿಚ್ಚುವುದು, ಒಂದು ಹಾಕುವುದು. ಹೊಸ ಶಾಕ್ ಅಂಗಡಿಯಲ್ಲಿ ಮಲಗಿರುತ್ತದೆ, ಒಳಗಿನ ಕೊಳವೆಗೆ ಗ್ಯಾಸ್ ಗುಳ್ಳೆ ಸೇರಿರುತ್ತದೆ. ಅದಕ್ಕೆ ನೆಟ್ಟಗೆ ನಿಲ್ಲಿಸಿ ಸೈಕಲ್ ಪಂಪಿನಂತೆ ನಾಲ್ಕಾರು ಸಲ ಪೂರ್ತಿ ಒತ್ತಿ ಬಿಡಬೇಕು. ಮೊದಲ ಒತ್ತಿಗೆ ನಡುವೆ ಸರಕ್ಕನೆ ಜಾರುತ್ತದೆ, ಆಮೇಲೆ ಉದ್ದಕ್ಕೂ ಒಂದೇ ಸಮ ಬಿಗಿ. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಬಾರದು. ಒಂದು ಗೀರು ಬಿದ್ದರೆ ಸೀಲ್ ಹೋಯಿತು.

ಬುಶ್‌ಗೆ ಗ್ರೀಸ್ ಹಚ್ಚಲಿಲ್ಲ, ಅದು ರಬ್ಬರ್ ತಿನ್ನುತ್ತದೆ. ಸೋಪಿನ ನೀರು ಸಾಕು, ಜಾರಿ ಕೂರುತ್ತದೆ. ಕೆಳಗಿನ ಕಣ್ಣು ಪಿನ್ನಿಗೆ ಕೂರಿಸಲು ಶಾಕನ್ನು ಕೈಯಿಂದ ಒತ್ತಿ ಹಿಡಿಯಬೇಕು, ಗ್ಯಾಸ್ ಅದನ್ನು ಹೊರಗೆ ತಳ್ಳುತ್ತಿರುತ್ತದೆ. ಇಲ್ಲಿ ಮಾತ್ರ ಇನ್ನೊಬ್ಬರಿದ್ದರೆ ಚೆನ್ನ, ನನ್ನ ತಮ್ಮ ಹಿಡಿದ. ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ನಟ್ಟು ಕೊನೆಯ ಬಿಗಿ ಕೊಡಬೇಕು. ಜೋತಾಡುವ ಆಕ್ಸಲ್‌ಗೆ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ರಬ್ಬರ್ ವಾಷರಿನ ಅಂಚಿಗೆ ಉಬ್ಬಿ ಬಂದರೆ ಸಾಕು, ಅದನ್ನು ಮೀರಿ ಹಿಂಡಬಾರದು.

ಇದೆಲ್ಲ ಪಾಟಾ ಗಾಡಿಗೆ. 2020ರ ನಂತರದ ಥಾರ್‌ನಲ್ಲಿ ಸುರುಳಿ ಸ್ಪ್ರಿಂಗ್ ಶಾಕ್‌ನ ಮೇಲೆಯೇ ಕೂತಿರುತ್ತದೆ. ಅದನ್ನು ಬಿಚ್ಚಲು ಸ್ಪ್ರಿಂಗ್ ಒತ್ತುವ ಸಾಧನ ಬೇಕು, ಸ್ಪ್ರಿಂಗ್ ಸಿಡಿದರೆ ಜೀವಕ್ಕೆ ಅಪಾಯ. ಅದನ್ನು ಗ್ಯಾರೇಜಿಗೆ ಬಿಡಿ.

ಹಾಕಿದ ಮೇಲೆ ಬೆಳಿಗ್ಗೆ ತಂಪಿನಲ್ಲಿ ಕಲ್ಲು ಹಾದಿಯಲ್ಲಿ ಒಂದು ಸುತ್ತು ಹೋಗಿ ಬಂದು ನಾಲ್ಕೂ ಶಾಕ್ ಮುಟ್ಟಿ ನೋಡಿದೆ. ನಾಲ್ಕೂ ಬೆಚ್ಚಗಿದ್ದವು. ಒಂದು ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ ಅಂತ ತಿಳಿಯಬೇಕು. ಮಧ್ಯಾಹ್ನ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಬಿಸಿಲಿಗೆ ಗಾಡಿಯ ಕಬ್ಬಿಣವೆಲ್ಲ ಕಾದಿರುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಪಾನಾ ಹಾಕಿ ನೋಡಿದೆ. ಹಿಂದಿನ ಎರಡು ನಟ್ಟು ಕಾಲು ಸುತ್ತು ಬಂದವು, ಮುಂದಿನವು ಅಲುಗಲಿಲ್ಲ.