ದಸರೆಗೆ ಬಂದು ಸಂಕ್ರಾಂತಿಗೂ ಹೋಗದ ನೆಗಡಿ: ಅಲರ್ಜಿ ಸೀನನ್ನು ಹಿಡಿತಕ್ಕೆ ತರುವುದು ಹೇಗೆ?

"ಕಾಕಾ, ನೆಗಡಿಗೆ ಒಂದು ಮಾತ್ರೆ ಕೊಡಿ." ಕಲಬುರಗಿಯ ನನ್ನ ಔಷಧ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಮಾತಿದು. "ಎಷ್ಟು ದಿನದಿಂದ?" ಎಂದು ಕೇಳಿದರೆ "ದಸರೆಯಿಂದ" ಎನ್ನುತ್ತಾರೆ. ಹಾಗೆ ಹೇಳುವ ಹೊತ್ತಿಗೆ ಸಂಕ್ರಾಂತಿ ಬಂದಿರುತ್ತದೆ. ದಸರೆಗೆ ಬಂದ ನೆಗಡಿ ಸಂಕ್ರಾಂತಿಯವರೆಗೆ ಉಳಿಯುವುದಿಲ್ಲ. ಮದ್ದು ಮಾಡಿದರೂ ಮಾಡದಿದ್ದರೂ ಒಂದು ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಅದು ತಾನೇ ಹೊರಟುಹೋಗುತ್ತದೆ. ಮೂಗಿನಲ್ಲೇ ಮನೆ ಮಾಡಿಕೊಂಡು ಕೂತಿದೆ ಎಂದರೆ ಅದು ನೆಗಡಿಯ ವೇಷದಲ್ಲಿರುವ ಅಲರ್ಜಿ ಇರಬೇಕು.

ಇಂಗ್ಲಿಷಿನವರು ಇದಕ್ಕೆ ಇಟ್ಟ ಹೆಸರು ಹೇ ಫೀವರ್, ಅಂದರೆ ಒಣಹುಲ್ಲಿನ ಜ್ವರ. ಹೆಸರಿನ ಎರಡು ಪದಗಳೂ ದಾರಿ ತಪ್ಪಿಸುತ್ತವೆ. ಇದರಲ್ಲಿ ಜ್ವರ ಬರುವುದಿಲ್ಲ, ಒಣಹುಲ್ಲೇ ಬೇಕೆಂದೂ ಇಲ್ಲ. 1819ರಲ್ಲಿ ಜಾನ್ ಬೋಸ್ಟಾಕ್ ಎಂಬ ಲಂಡನ್ನಿನ ವೈದ್ಯರು ಬೇಸಿಗೆ ಬಂದಾಗಲೆಲ್ಲ ತಮ್ಮನ್ನೇ ಕಾಡುತ್ತಿದ್ದ ಸೀನು ಮತ್ತು ಕಣ್ಣುರಿಯನ್ನು ಬರೆದಿಟ್ಟರು. ಅದಕ್ಕೆ ಪರಾಗ ಕಾರಣ ಎಂದು ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ಇನ್ನೊಬ್ಬ ಇಂಗ್ಲಿಷ್ ವೈದ್ಯರು ತಮ್ಮ ಮೂಗಿನ ಮೇಲೆಯೇ ಪ್ರಯೋಗ ಮಾಡಿ 1873ರಲ್ಲಿ ಪ್ರಕಟಿಸಿದರು. ಅವರ ನಾಡಿನಲ್ಲಿ ಇದು ಹುಲ್ಲು ಹೂಬಿಡುವ ಕೆಲವು ವಾರಗಳ ಕಾಟ. ನಮ್ಮಲ್ಲಿ ಹಾಗಲ್ಲ. ಮಳೆಗಾಲದ ತೇವ ಒಂದು ಬಗೆಯಲ್ಲಿ ಕಾಡಿದರೆ ಸುಗ್ಗಿಯ ದೂಳು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಬೇಸಿಗೆಯಲ್ಲಾದರೂ ಬಿಡುವು ಸಿಗಬೇಕಿತ್ತು, ಅದನ್ನು ನಾವೇ ಕೈಯಾರೆ ಕಳೆದುಕೊಳ್ಳುತ್ತೇವೆ. ಆ ಮಾತು ಕೂಲರಿನ ಬಳಿ ಬಂದಾಗ.

ಮೊದಲು ಗುರುತಿಸಿ

ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು-ಹದಿನೈದು ಸೀನು, ನಲ್ಲಿ ಬಿಟ್ಟಂತೆ ಸುರಿಯುವ ತಿಳಿ ನೀರು, ಮೂಗಿನ ಜೊತೆಗೆ ಕಣ್ಣು ಮತ್ತು ಅಂಗುಳದಲ್ಲಿ ತುರಿಕೆ, ಆದರೆ ಮೈ ಬಿಸಿಯಿಲ್ಲ. ಇವು ಅಲರ್ಜಿಯ ಲಕ್ಷಣಗಳು. ತುರಿಕೆಯೇ ಇದರ ದೊಡ್ಡ ಗುರುತು. ಜ್ವರ, ಮೈಕೈ ನೋವು, ಗಂಟಲು ನೋವು ಜೊತೆಗಿದ್ದರೆ ಅದು ವೈರಸ್ಸಿನ ನೆಗಡಿ. ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತಾರೆ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆಯೇ ಮೂಡಿರುತ್ತದೆ, ಕಣ್ಣ ಕೆಳಗೆ ಕಪ್ಪಾಗಿರುತ್ತದೆ.

ಒಳಗೆ ನಡೆಯುವುದು ಇಷ್ಟೇ. ಯಾರಿಗೂ ಕೇಡು ಮಾಡದ ಪರಾಗದ ಕಣವನ್ನು ದೇಹ ಶತ್ರುವೆಂದು ತಪ್ಪು ತಿಳಿಯುತ್ತದೆ, ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಯುತ್ತದೆ. ಸೀನು, ಸೋರಿಕೆ, ತುರಿಕೆ ಎಲ್ಲವೂ ಹೆಚ್ಚಾಗಿ ಆ ಹಿಸ್ಟಮಿನ್ ಮಾಡುವ ಕೆಲಸ. ಇಲ್ಲಿ ಕೊಲ್ಲಬೇಕಾದ ಕ್ರಿಮಿ ಇಲ್ಲ, ಹಾಗಾಗಿ ಆ್ಯಂಟಿಬಯೋಟಿಕ್‌ಗೆ ಕೆಲಸವೂ ಇಲ್ಲ. ನಾನೇ ಹರೆಯದಲ್ಲಿ ಒಂದೇ ಚಳಿಗಾಲದಲ್ಲಿ ಮೂರು ಕೋರ್ಸು ನುಂಗಿದ್ದೇನೆ. ಹೊಟ್ಟೆ ಕೆಟ್ಟಿತು, ಸೀನು ನಿಲ್ಲಲಿಲ್ಲ.

ನಿಮ್ಮ ಕಾಲ ಯಾವುದೆಂದು ಬರೆದಿಡಿ

ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಸೀನು ಹೆಚ್ಚಾದ ದಿನಕ್ಕೆ ಒಂದು ಗೀಟು ಹಾಕಿ, ಆ ದಿನ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಎರಡು ಪದ ಬರೆಯಿರಿ. ಎರಡು-ಮೂರು ತಿಂಗಳಲ್ಲಿ ಒಂದು ಚಿತ್ರ ಮೂಡುತ್ತದೆ. ವೈದ್ಯರಿಗೂ ಈ ಗೀಟುಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಜೂನ್‌ನಿಂದ ಅಕ್ಟೋಬರ್‌ವರೆಗಿನ ಗೀಟುಗಳಾದರೆ ಬೂಸ್ಟು, ಹಾಸಿಗೆಯ ದೂಳುನುಸಿ ಅಥವಾ ಕಾಂಗ್ರೆಸ್ ಹುಲ್ಲನ್ನು ಅನುಮಾನಿಸಿ. ಪುಸ್ತಕದಲ್ಲಿ ಪಾರ್ಥೇನಿಯಂ ಎನಿಸಿಕೊಳ್ಳುವ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ಈಗ ನಮ್ಮ ಖಾಲಿ ನಿವೇಶನ, ರೈಲು ಹಳಿ, ಹೊಲದ ಬದು ಯಾವುದನ್ನೂ ಬಿಟ್ಟಿಲ್ಲ. ಮಳೆ ಬಿದ್ದು ತಿಂಗಳು, ಒಂದೂವರೆ ತಿಂಗಳಿಗೆಲ್ಲ ಬಿಳಿ ಹೂ ತಲೆಯೆತ್ತುತ್ತದೆ. ಕೀಳುವುದಿದ್ದರೆ ಹೂಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಿ. ಈಗಾಗಲೇ ಸೀನುವವರು ಆ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಬರಿಗೈ ತಾಗಿದರೆ ಕೆಲವರಿಗೆ ಚರ್ಮವೂ ತುರಿಸುತ್ತದೆ.

ನವೆಂಬರ್‌ನಿಂದ ಜನವರಿಯವರೆಗಿನ ಗೀಟುಗಳು ಹೊಲದ ಕಡೆ ಬೆರಳು ತೋರಿಸುತ್ತವೆ. ಇಲ್ಲಿ ಒಂದು ಅನ್ಯಾಯ ನಡೆಯುತ್ತಿದೆ. ಹೊಲದ ತುಂಬ ಹಳದಿ ಹೂಬಿಟ್ಟು ನಿಂತ ತೊಗರಿಯನ್ನು ಎಲ್ಲರೂ ಬೈಯುತ್ತಾರೆ. ತೊಗರಿಯ ಪರಾಗ ಜೇನುಹುಳುಗಳ ಮೈಗಂಟಿ ಸಾಗುವಂಥದ್ದು, ಗಾಳಿಯಲ್ಲಿ ತೇಲಿ ನಿಮ್ಮ ಮೂಗು ಹುಡುಕಿಕೊಂಡು ಬರುವುದಿಲ್ಲ. ಬಣ್ಣವಿಲ್ಲದ, ಹೂವೆಂದೇ ಅನಿಸದ ಹುಲ್ಲುಗಳೇ ಗಾಳಿಯನ್ನು ನಂಬಿ ಪರಾಗ ಚೆಲ್ಲುತ್ತವೆ. ಜೋಳವೂ ಹುಲ್ಲಿನ ಕುಲದ್ದೇ. ಹಿಂಗಾರಿ ಜೋಳ ತೆನೆ ಹಾಯುವ ಕಾಲದಲ್ಲಿ ಬೆಳಗಿನ ಜಾವ ಹೊಲದಲ್ಲಿ ನಿಂತರೆ ಕೆಲವರ ಮೂಗು ಕೂಡಲೇ ಸಾಕ್ಷಿ ಹೇಳುತ್ತದೆ. ಆದರೆ ತೊಗರಿ ಪೂರ್ತಿ ನಿರಪರಾಧಿಯೂ ಅಲ್ಲ. ರಾಶಿ ಮಾಡುವ ಯಂತ್ರದ ಬಾಯಿಂದ ಹಾರುವ ಹೊಟ್ಟು, ಅದಕ್ಕಂಟಿದ ಬೂಸ್ಟು ಮತ್ತು ಮಣ್ಣು ಬೇರೆಯದೇ ಕಥೆ. ಶಹಾಪುರ, ಸುರಪುರ ಕಡೆಯ ಕಾಲುವೆ ಭಾಗದಲ್ಲಿ ಭತ್ತದ ಹುಲ್ಲು ಅದೇ ಕೆಲಸ ಮಾಡುತ್ತದೆ. ಒದ್ದೆಯಿದ್ದಾಗಲೇ ಬಣವೆ ಹಾಕಿದ ಮೇವನ್ನು ಆಮೇಲೆ ಬಿಚ್ಚುವಾಗ ಏಳುವ ಬೂದು ಪುಡಿಯನ್ನು ನೋಡಿದ್ದೀರಲ್ಲ, ಅದು ಬರೀ ಬೂಸ್ಟು. ರಾಶಿಯ ದಿನ ಎನ್-95 ಮಾಸ್ಕ್ ಹಾಕಿ, ಗಾಳಿ ಬರುವ ಕಡೆ ಬೆನ್ನು ಮಾಡಿ ನಿಲ್ಲಿ. ಮನೆಗೆ ಬಂದ ಮೇಲೆ ತಲೆಸ್ನಾನ ಮಾಡದೆ ಹಾಸಿಗೆಗೆ ಹೋಗಬೇಡಿ. ಪರಾಗ ಕೂದಲಲ್ಲಿ ಕೂತು ದಿಂಬಿಗೆ ಇಳಿಯುತ್ತದೆ.

ಶಹಾಬಾದ್, ವಾಡಿ, ಸೇಡಂ ಕಡೆಯವರು ಫರ್ಸಿ ಎಂಬ ಹಾಸುಗಲ್ಲಿನ ಮತ್ತು ಸಿಮೆಂಟಿನ ದೂಳಿನ ಬಗ್ಗೆ ಕೇಳುತ್ತಾರೆ. ಅದು ಅಲರ್ಜಿ ಹುಟ್ಟಿಸುವುದಕ್ಕಿಂತ ಮೊದಲೇ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಬೀಡಿ, ಸಿಗರೇಟು, ಊದುಬತ್ತಿಯ ಹೊಗೆಯೂ ಹಾಗೆಯೇ.

ಮನೆಯೊಳಗಿನ ತೇವವನ್ನು ಇಳಿಸಿ

ದೂಳುನುಸಿ ಕಣ್ಣಿಗೆ ಕಾಣದು, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ನೀರು ಕುಡಿಯಲು ಬಾರದ ಈ ಜೀವಿಗೆ ಗಾಳಿಯ ತೇವವೇ ಆಸರೆ. ಕೋಣೆಯ ಆರ್ದ್ರತೆ ಶೇ 50ಕ್ಕಿಂತ ಕೆಳಗಿದ್ದರೆ ಅದು ಸೊರಗುತ್ತದೆ. ಏಪ್ರಿಲ್‌ನ ಒಣ ಬಿಸಿಲು ಅದಕ್ಕೆ ಮೃತ್ಯು. ನಾವೇನು ಮಾಡುತ್ತೇವೆ? ಕಿಟಕಿಗೆ ಕೂಲರ್ ಕಟ್ಟಿ ರಾತ್ರಿಯಿಡೀ ನೀರಿನ ಗಾಳಿ ಬೀಸಿಸಿಕೊಂಡು, ಹೊರಗೆ ಕಲಬುರಗಿಯಿದ್ದರೂ ಒಳಗೆ ಮಂಗಳೂರನ್ನು ಕೂರಿಸಿಕೊಳ್ಳುತ್ತೇವೆ.

ಕೂಲರ್ ಬೇಡ ಎಂದು 43 ಡಿಗ್ರಿಯಲ್ಲಿ ಬದುಕುವವರಿಗೆ ಹೇಳುವ ಧೈರ್ಯ ನನಗಿಲ್ಲ. ಅದನ್ನು ಬಳಸುವ ಕ್ರಮ ಹೇಳಬಲ್ಲೆ. ಹೋದ ವರ್ಷ ಮಾರ್ಚಿನಲ್ಲಿ ನಮ್ಮ ಮನೆಯ ಕೂಲರಿನ ಪಕ್ಕದ ಜಾಲರಿ ತೆಗೆದೆ. ಹಿಂದಿನ ಬೇಸಿಗೆಯ ಹುಲ್ಲು ಹಾಗೆಯೇ ಇತ್ತು. ಚಿನ್ನದ ಬಣ್ಣದ್ದು ಕಾಫಿ ಬಣ್ಣಕ್ಕೆ ತಿರುಗಿ, ನಡುನಡುವೆ ಕಪ್ಪು ಚುಕ್ಕೆ ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ತೊಟ್ಟಿಯ ತಳದಲ್ಲಿ ಹಸಿರು ಲೋಳೆ. ಇಷ್ಟನ್ನೂ ಒಂದು ಫ್ಯಾನು ನನ್ನ ಮುಖಕ್ಕೆ ಊದುತ್ತಿತ್ತು! ಆದ್ದರಿಂದ ಹುಲ್ಲನ್ನು ಪ್ರತಿ ಬೇಸಿಗೆಯ ಆರಂಭದಲ್ಲಿ ಬದಲಿಸಿ, ಕಪ್ಪಾಗತೊಡಗಿದರೆ ನಡುವೆಯೂ ಬದಲಿಸಿ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಉಜ್ಜಿ ತೊಳೆದು, ಒಣಗಿಸಿ ತುಂಬಿಸಿ. ಸೊಳ್ಳೆಯೂ ಹುಟ್ಟುವುದಿಲ್ಲ. ಕೂಲರ್ ನಡೆಯುವಾಗ ಎದುರು ಕಿಟಕಿ ತೆರೆದಿರಲಿ, ತೇವ ಹೊರಹೋಗಲಿ. ಮೊದಲ ಮಳೆ ಬಿದ್ದ ಮೇಲೆ ನೀರು ನಿಲ್ಲಿಸಿ ಬರೀ ಫ್ಯಾನು ಓಡಿಸಿ.

ಇನ್ನು ಕೌದಿ. ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ಬಿಸುಪು ಬೇರೆ ಯಾವುದಕ್ಕೂ ಇಲ್ಲ, ಆದರೆ ಆ ಪದರಗಳು ನುಸಿಗೂ ಇಷ್ಟ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ನೀರು 60 ಡಿಗ್ರಿ ಇದ್ದರೆ ನುಸಿ ಸಾಯುತ್ತದೆ. ಕೌದಿಯನ್ನು ಅಷ್ಟು ಸಲ ಒಗೆಯಲಾಗದು, ಮಾಳಿಗೆಯ ಮೇಲೆ ಸುಡುಬಿಸಿಲಿಗೆ ಹರವಿ ಆಗಾಗ ಮಗುಚಿ ಹಾಕಿ. ನೆನಪಿರಲಿ, ಬಿಸಿಲು ನುಸಿಯನ್ನು ಕೊಲ್ಲುತ್ತದೆ, ಅಲರ್ಜಿ ತರುವ ಅದರ ಹಿಕ್ಕೆಯನ್ನು ತೆಗೆಯುವುದಿಲ್ಲ. ಅದಕ್ಕೆ ಒಗೆತವೇ ಬೇಕು. ದಸರೆಗೆ ಮುನ್ನ ಹಾಸಿಗೆಯೆಲ್ಲ ಒಗೆದು ಮನೆ ಸ್ವಚ್ಛ ಮಾಡುವಾಗ ಜಾಡು ತೆಗೆಯುವ ಕೆಲಸ ಸೀನುವವರ ಪಾಲಿಗೆ ಬರದಿರಲಿ. ಕಸ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು.

ಮೂಗು ತೊಳೆಯುವುದು

ಒಂದು ಲೋಟ, ಅಂದರೆ ಸುಮಾರು 240 ಮಿ.ಲೀ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ತಲೆ ಬಾಗಿಸಿ ಒಂದು ಹೊಳ್ಳೆಯಿಂದ ಬಿಟ್ಟರೆ ಇನ್ನೊಂದರಿಂದ ಇಳಿಯುತ್ತದೆ. ಆಗ ಬಾಯಲ್ಲಿ ಉಸಿರಾಡಬೇಕು. ಔಷಧ ಅಂಗಡಿಯಲ್ಲಿ ಸಿಗುವ ಸಿದ್ಧ ಪುಡಿಯೂ ಆಗುತ್ತದೆ. ನಲ್ಲಿ ನೀರು, ಬೋರ್ ನೀರು, ಕ್ಯಾನ್ ನೀರು, ಆರ್‌ಒ ನೀರು ಯಾವುದನ್ನೂ ಕುದಿಸದೆ ಮೂಗಿಗೆ ಬಿಡಬೇಡಿ. ಕೇರಳದ ಸುದ್ದಿಗಳಲ್ಲಿ ಓದಿದ ಮಿದುಳು ತಿನ್ನುವ ಅಮೀಬಾ ದೇಹ ಹೊಗುವ ದಾರಿ ಮೂಗೇ.

ಸ್ಪ್ರೇ ಹೊಡೆಯುವ ಕೈಚಳಕ

ತಿಂಗಳುಗಟ್ಟಲೆ ಕಾಡುವ ಅಲರ್ಜಿಗೆ ಅತ್ಯಂತ ಪರಿಣಾಮಕಾರಿ ಮದ್ದು ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ: ಫ್ಲೂಟಿಕಾಸೋನ್, ಮೊಮೆಟಾಸೋನ್ ಮೊದಲಾದವು. ವೈದ್ಯರ ಚೀಟಿ ಬೇಕು. ಸ್ಟಿರಾಯ್ಡ್ ಎಂಬ ಪದ ಕೇಳಿದ ತಕ್ಷಣ ಅರ್ಧ ಜನ ಬಾಟಲಿಯನ್ನು ನನ್ನತ್ತ ತಳ್ಳುತ್ತಾರೆ. ಒಂದು ಸಲ ಒತ್ತಿದರೆ ಬರುವುದು ಸಾಮಾನ್ಯವಾಗಿ 50 ಮೈಕ್ರೊಗ್ರಾಂ, ರಕ್ತಕ್ಕೆ ಸೇರುವುದು ಅದರಲ್ಲೂ ತೀರಾ ಅಲ್ಪ. ಉಳಿದರ್ಧ ಜನ ಕೊಂಡೊಯ್ದು, ಮೂರನೆಯ ದಿನ ಬಂದು "ಇದು ಕೆಲಸ ಮಾಡುವುದಿಲ್ಲ" ಎನ್ನುತ್ತಾರೆ. ಹೇಗೆ ಹೊಡೆದಿರಿ ಎಂದು ಕೇಳಿದರೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಜೋರಾಗಿ ಒತ್ತಿ, ನಶ್ಯದಂತೆ ಸೊರ್ರನೆ ಎಳೆದು ತೋರಿಸುತ್ತಾರೆ. ಮದ್ದು ಗಂಟಲಿಗೆ ಹೋಯಿತು, ಮೂಗಿಗೆ ಏನೂ ಉಳಿಯಲಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಸಿಂಬಳ ಹೊರಹಾಕಿ ಮೂಗು ಸ್ವಚ್ಛ ಮಾಡಿಕೊಳ್ಳಿ. ಬಾಟಲಿ ಅಲುಗಾಡಿಸಿ, ಹೊಸದಾದರೆ ಮಂಜಿನಂತೆ ಬರುವವರೆಗೆ ಗಾಳಿಗೆ ಒತ್ತಿ. ಗದ್ದವನ್ನು ತುಸು ತಗ್ಗಿಸಿ, ಕಾಲ್ಬೆರಳು ನೋಡುವಂತೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಅದಲುಬದಲು ಮಾಡಿದರೆ ಮೂತಿ ತಾನಾಗಿ ಹೊರಗೆ, ಅದೇ ಬದಿಯ ಕಿವಿಯತ್ತ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟು ಮೆಲ್ಲಗೆ ಉಸಿರೆಳೆಯಿರಿ. ಗಂಟಲಲ್ಲಿ ರುಚಿ ಗೊತ್ತಾದರೆ ಹೆಚ್ಚು ಎಳೆದಿರಿ ಎಂದರ್ಥ. ಸೀನು ಬಂದ ದಿನ ಮಾತ್ರ ಹೊಡೆಯುವ ಮದ್ದಲ್ಲ ಇದು, ದಿನವೂ ಬೇಕು. ಪೂರ್ತಿ ಗುಣ ಕಾಣಲು ಎರಡು ವಾರವೂ ಹಿಡಿಯಬಹುದು.

ಇದಕ್ಕೆ ತದ್ವಿರುದ್ಧ ಆ ಚಿಕ್ಕ ಬಾಟಲಿಯ ಹನಿಗಳು: ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್. ಎರಡು ಹನಿಗೆ ಕಟ್ಟಿದ ಮೂಗು ಐದು ನಿಮಿಷದಲ್ಲಿ ಬಿಡುತ್ತದೆ, ಅದಕ್ಕೇ ಅವುಗಳ ಮೇಲೆ ಜನರಿಗೆ ಮೋಹ. ಮೂರು ದಿನ, ಹೆಚ್ಚೆಂದರೆ ಐದು ದಿನ. ಅದನ್ನು ಮೀರಿದರೆ ಹನಿಯಿಲ್ಲದೆ ಮೂಗು ಬಿಡುವುದೇ ಇಲ್ಲ. ಹುಮನಾಬಾದ್ ದಾರಿಯ ಒಬ್ಬ ಲಾರಿ ಚಾಲಕ ಎರಡು ವರ್ಷ ವಾರಕ್ಕೊಂದು ಬಾಟಲಿ ಒಯ್ಯುತ್ತಿದ್ದ. ಅಲರ್ಜಿ ಎಂದೋ ತಗ್ಗಿತ್ತು, ಉಳಿದಿದ್ದು ಹನಿಯ ಚಟ. ಕಿವಿ-ಮೂಗು-ಗಂಟಲು ವೈದ್ಯರು ಸ್ಪ್ರೇ ಕೊಟ್ಟು ಅದನ್ನು ಬಿಡಿಸಿದರು.

ಮಾತ್ರೆಗಳಲ್ಲಿ ಸೆಟ್ರಿಜಿನ್, ಲಿವೊಸೆಟ್ರಿಜಿನ್, ಫೆಕ್ಸೊಫೆನಾಡಿನ್ ಸೀನು-ತುರಿಕೆಗೆ ಚೆನ್ನ, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೇ. ಕ್ಲೋರ್ಫೆನಿರಮೈನ್ ಇರುವ ಹಳೆಯ ನೆಗಡಿ ಮಾತ್ರೆ ನಿದ್ದೆ ತರಿಸುತ್ತದೆ, ನುಂಗಿ ಗಾಡಿ ಓಡಿಸಬಾರದು. ಸೆಟ್ರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರಿಸುತ್ತದೆ. ಫೆಕ್ಸೊಫೆನಾಡಿನ್ ಅನ್ನು ಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತದು, ನೀರೇ ಸಾಕು. ಮಾಂಟೆಲುಕಾಸ್ಟ್ ಬೆರೆಸಿದ ಮಾತ್ರೆಯನ್ನು ನಮ್ಮಲ್ಲಿ ಕಡಲೆಯಂತೆ ಕೇಳುತ್ತಾರೆ. ಖಿನ್ನತೆ, ಕೆಟ್ಟ ಕನಸು, ನಡವಳಿಕೆಯ ಬದಲಾವಣೆ ಉಂಟಾಗಬಹುದೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಕಟುವಾದ ಎಚ್ಚರಿಕೆ ಹಚ್ಚಿತು. ವೈದ್ಯರು ಬರೆದರಷ್ಟೇ ತೆಗೆದುಕೊಳ್ಳಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಯಾವ ಮದ್ದನ್ನೂ ಕೇಳದೆ ಆರಂಭಿಸಬಾರದು.

ಯಾವಾಗ ಅಂಗಡಿ ಸಾಲದು

ಉಸಿರಿನಲ್ಲಿ ಸುಂಯ್ ಎಂಬ ಸದ್ದು, ರಾತ್ರಿ ಕೆಮ್ಮು, ಎದೆ ಬಿಗಿತ ಇದ್ದರೆ ಅಸ್ತಮಾ ಜೊತೆಗಿರಬಹುದು, ತಡ ಮಾಡಬೇಡಿ. ಒಂದೇ ಹೊಳ್ಳೆ ಸದಾ ಕಟ್ಟುವುದು, ಆಗಾಗ ರಕ್ತ, ದುರ್ವಾಸನೆಯ ಕೀವು, ಕಣ್ಣಿನ ಸುತ್ತ ಬಾವು ಇವೂ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳೇ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಬಹುದು. ಯಾವುದರಿಂದ ಅಲರ್ಜಿ ಎಂದು ತಿಳಿಯಲು ಚರ್ಮದ ಚುಚ್ಚು ಪರೀಕ್ಷೆ ಇದೆ. ಅದಕ್ಕೆ ಸುಮಾರು ಒಂದು ವಾರ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಮದ್ದಿಗೆ ಬಗ್ಗದಿದ್ದವರಿಗೆ ಅದೇ ಅಲರ್ಜಿಯ ವಸ್ತುವನ್ನು ಅಳೆದು ಅಳೆದು ಕೊಡುತ್ತ ದೇಹಕ್ಕೆ ರೂಢಿ ಮಾಡಿಸುವ ಚಿಕಿತ್ಸೆಯೂ ಉಂಟು, ಮೂರರಿಂದ ಐದು ವರ್ಷದ ತಾಳ್ಮೆ ಬೇಕು.

ನನ್ನ ಗೀಟುಗಳೆಲ್ಲ ಎಳ್ಳಮಾವಾಸ್ಯೆಯ ಆಚೀಚೆ ಬೀಳುತ್ತವೆ. ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ದಿನ ಜೋಳದ ಸಾಲಿನ ನಡುವೆ ಕೂತು ನಾನು ಕರವಸ್ತ್ರ ಹುಡುಕುತ್ತಿದ್ದೆ. ಕಾಲ ಬರುವ ಎರಡು ವಾರ ಮೊದಲೇ ಸ್ಪ್ರೇ ಆರಂಭಿಸಬೇಕೆಂದು ನನ್ನ ವೈದ್ಯರು ಹೇಳಿದರು. ಎಳ್ಳಮಾವಾಸ್ಯೆಗೆ ಸರಿಯಾಗಿ ಹದಿನೈದು ದಿನ ಮುಂಚೆ ಬರುವುದು ಹೊಸ್ತಿಲ ಹುಣ್ಣಿಮೆ. ಈಗ ಪ್ರತಿ ವರ್ಷ ಹೆಂಡತಿ ಹೊಸ್ತಿಲು ಪೂಜೆಗೆ ಕುಂಕುಮ ತೆಗೆಯುವ ಹೊತ್ತಿಗೆ ನಾನು ಬಾಟಲಿಯ ಮುಚ್ಚಳ ತೆಗೆಯುತ್ತೇನೆ.