ಹಾಯಿದೋಣಿ ವಾಸಕ್ಕೆ ಸೋಲಾರ್: ವ್ಯಾಟ್ ಆಮೇಲೆ, ಮೊದಲು ನೆರಳು

ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡಿರುವ ನನ್ನನ್ನು ಹೊಸಬರು ಕೇಳುವುದು ಯಾವಾಗಲೂ ಒಂದೇ: ಎಷ್ಟು ವ್ಯಾಟ್ ಪ್ಯಾನೆಲ್ ಹಾಕಿಸಲಿ? ಅದಕ್ಕೆ ಮೊದಲು ಎರಡು ವಿಷಯ ಗೊತ್ತಾಗಬೇಕು. ದಿನಕ್ಕೆ ಎಷ್ಟು ಕರೆಂಟ್ ಖರ್ಚಾಗುತ್ತದೆ? ದೋಣಿಯ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತದೆ? ಎರಡನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ. ದುಡ್ಡು ನೀರಿಗೆ ಬೀಳುವುದು ಅಲ್ಲೇ.

ಖರ್ಚಿನ ಲೆಕ್ಕ ಸುಲಭ. ಪ್ರತಿ ಸಾಮಾನಿನ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿ. ವ್ಯಾಟ್-ಅವರ್ ಸಿಗುತ್ತದೆ. ಫ್ರಿಜ್‌ನಿಂದ ಶುರು ಮಾಡಿ, ಜಾಸ್ತಿ ತಿನ್ನುವುದು ಅದೇ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ. ಸೆಕೆ ಇರುವ ಕಡೆ ದಿನದ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. ಅಲ್ಲಿಗೆ 540 ವ್ಯಾಟ್-ಅವರ್. ಲ್ಯಾಪ್‌ಟಾಪ್, ಫೋನ್ ಸೇರಿ 250. ಎಲ್‌ಇಡಿ ದೀಪ, ನೀರಿನ ಪಂಪು, ರೇಡಿಯೊ, ರಾತ್ರಿಯಿಡೀ ಉರಿಯುವ ಲಂಗರು ದೀಪ, ಎಲ್ಲ ಸೇರಿ 200. ಹತ್ತಿರ ಹತ್ತಿರ 1000 ಆಯಿತು.

ಇದು ಲಂಗರು ಹಾಕಿ ನಿಂತಾಗಿನ ಲೆಕ್ಕ. ಹಗಲು ರಾತ್ರಿ ಸಮುದ್ರದಲ್ಲಿ ಸಾಗುವಾಗ ಇನ್ನೊಂದು ಹಾಳೆ ಬೇಕು. ದೋಣಿಯನ್ನು ತಾನೇ ನಡೆಸುವ ಆಟೋಪೈಲಟ್ ಸರಾಸರಿ 3 ಆಂಪಿಯರ್, ಅಂದರೆ 12 ವೋಲ್ಟಿಗೆ 36 ವ್ಯಾಟ್, ಎಳೆದರೂ 24 ಗಂಟೆಗೆ 860 ದಾಟುತ್ತದೆ. ನಕ್ಷೆಯ ಪರದೆ, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ಸಂಚಾರ ದೀಪಗಳಿಗೆ ಇನ್ನೊಂದು 350. ಮೊದಲಿನ 1000 ಸೇರಿ ಒಟ್ಟು 2200 ಅಂತ ಇಟ್ಟುಕೊಳ್ಳಿ. ಈ ಅಂಕಿ ನೋಡಿ ಪ್ಯಾನೆಲ್ ಹುಡುಕಲು ಓಡಬೇಡಿ. ಮೊದಲು ಖರ್ಚು ಇಳಿಸಿ. ಫ್ರಿಜ್ ಪೆಟ್ಟಿಗೆಯ ಸುತ್ತ ಇನ್ನೊಂದು ಪದರ ದಪ್ಪನೆಯ ಫೋಮ್ ಹಾಕುವುದು ಪ್ಯಾನೆಲ್ ಕೊಳ್ಳುವುದಕ್ಕಿಂತ ಒಳ್ಳೆಯದು. ದೂರದ ಪಯಣ ಮಾಡುವವರು ಗಾಳಿಯ ಬಲದಿಂದಲೇ ದೋಣಿಯ ದಿಕ್ಕು ಕಾಯುವ ವಿಂಡ್‌ವೇನ್ ಹಾಕಿಸಿಕೊಳ್ಳಲಿ. ಅದಕ್ಕೆ ಕರೆಂಟೇ ಬೇಡ.

ಈಗ ನೆರಳು. ಮನೆಯ ತಾರಸಿ ಅಲುಗುವುದಿಲ್ಲ, ದೋಣಿ ಹಾಗಲ್ಲ. ಲಂಗರಿನಲ್ಲಿ ಅದು ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಉಷ್ಣವಲಯದಲ್ಲಿ ವಾಣಿಜ್ಯ ಮಾರುತ ಪೂರ್ವದ ಕಡೆಯಿಂದ ಬೀಸುವುದರಿಂದ ಮೂತಿ ಪೂರ್ವಕ್ಕೆ ಇರುತ್ತದೆ. ಬೆಳಗಿನ ಬಿಸಿಲು ಮುಂದಿನಿಂದ ಬರುತ್ತದೆ, ಮಾಸ್ಟ್ (ಹಾಯಿಯ ಕಂಬ) ಮತ್ತು ಬೂಮಿನ (ಹಾಯಿಯ ಬುಡದ ಅಡ್ಡ ಕಂಬ) ನೆರಳು ಹಿಂಬದಿಗೆ ಚಾಚುತ್ತದೆ. ಪ್ಯಾನೆಲ್ ಇರುವುದು ಹಿಂಬದಿಯ ಕಮಾನಿನ ಮೇಲೆ, ಅಲ್ವಾ? ಮಧ್ಯಾಹ್ನ ಬಿಸಿಲು ಹಿಂದಕ್ಕೆ ಬಂದ ಮೇಲೆ ಅದೇ ಪ್ಯಾನೆಲ್ ಪೂರ್ತಿ ದುಡಿಯುತ್ತದೆ. ಹಾಗಾಗಿ ಲಂಗರಿನಲ್ಲಿ ಒಂದು ದಿನ ಕೂತು, ಗಂಟೆಗೊಮ್ಮೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಬೂಮನ್ನು ಹಗ್ಗದಿಂದ ಒಂದು ಪಕ್ಕಕ್ಕೆ ಎಳೆದು ಕಟ್ಟಿ ಮತ್ತೆ ನೋಡಿ. ಎಷ್ಟೋ ನೆರಳು ಅಷ್ಟಕ್ಕೇ ಹೋಗುತ್ತದೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಪ್ಯಾನೆಲ್ ಒಳಗಿನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಸೆಲ್ ಮೇಲೆ ಗಟ್ಟಿ ನೆರಳು ಬಿದ್ದರೂ ಅದರ ಗುಂಪೆಲ್ಲ ಕೆಲಸ ನಿಲ್ಲಿಸುತ್ತದೆ. ಆಗ ಬೈಪಾಸ್ ಡಯೋಡ್ ಆ ಗುಂಪನ್ನು ಬಿಟ್ಟು ಕರೆಂಟ್ ಹರಿಸುತ್ತದೆ. ದೋಣಿಗೆಂದೇ ಮಾರುವ 12 ವೋಲ್ಟಿನ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ ಇಂಥ ಗುಂಪು ಎರಡೇ. ಕೆಲಸದ ವೋಲ್ಟೇಜ್ ಸುಮಾರು 20. ಒಂದು ಗುಂಪು ಹೋದರೆ ಉಳಿಯುವುದು 10. ಬ್ಯಾಟರಿಗೆ 13-14 ಬೇಕು. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್ ಸಾಮಾನ್ಯವಾಗಿ ವೋಲ್ಟೇಜ್ ಇಳಿಸಬಲ್ಲದು, ಏರಿಸಲಾರದು. ಅರ್ಧ ಪ್ಯಾನೆಲ್ ಬಿಸಿಲಲ್ಲಿದ್ದರೂ ಆ ಅರ್ಧ ಸುಮ್ನೆ ದಂಡ.

ಮನೆ ತಾರಸಿಗೆ ಹಾಕುವ 60 ಸೆಲ್ಲಿನ ಪ್ಯಾನೆಲ್‌ನಲ್ಲಿ ಮೂರು ಗುಂಪು, ವೋಲ್ಟೇಜ್ 33ರ ಹತ್ತಿರ. ಒಂದು ಗುಂಪು ಹೋದರೂ 22 ಉಳಿಯುತ್ತದೆ, ಚಾರ್ಜ್ ನಡೆಯುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಜಾಗ ಇದ್ದರೆ ತಾರಸಿ ಪ್ಯಾನೆಲ್ಲೇ ಹಾಕಿ, ಪ್ರತಿ ಪ್ಯಾನೆಲ್ಲಿಗೂ ಬೇರೆ ಕಂಟ್ರೋಲರ್ ಕೊಡಿ. ಒಂದಕ್ಕೆ ನೆರಳು ಬಿದ್ದರೆ ಇನ್ನೊಂದು ಅದರ ಪಾಡಿಗೆ ದುಡಿಯುತ್ತದೆ. ಅಳತೆ ಸುಮಾರು 1.7 ಮೀಟರ್ ಉದ್ದ, 1 ಮೀಟರ್ ಅಗಲ, ತೂಕ 20 ಕಿಲೋ ಹತ್ತಿರ. 330 ವ್ಯಾಟಿನ ಎರಡು ಪ್ಯಾನೆಲ್ 12 ಮೀಟರಿನ ದೋಣಿಯ ಕಮಾನಿನ ಮೇಲೆ ಹಿಡಿಸುತ್ತವೆ.

ಅವು 660 ವ್ಯಾಟ್ ಕೊಡುವುದು ಕಾಗದದ ಮೇಲೆ ಮಾತ್ರ. ಆ ಅಂಕಿ ಸೆಲ್ 25 ಡಿಗ್ರಿ ಇರುವಾಗಿನದು. ಬಿಸಿಲಿಗೆ ಸೆಲ್ 60 ದಾಟುತ್ತದೆ, ಒಂದೊಂದು ಡಿಗ್ರಿಗೆ ಶೇಕಡಾ 0.35-0.4ರಷ್ಟು ಇಳಿಯುತ್ತದೆ. ಅಡಿಯಲ್ಲಿ ಗಾಳಿ ಆಡಲು ಜಾಗ ಬಿಡಿ. ಬಾಗುವ ತೆಳು ಪ್ಯಾನೆಲನ್ನು ಡೆಕ್ಕಿಗೆ ಅಂಟಿಸುವುದು ನನಗೆ ಇಷ್ಟವಿಲ್ಲ. ಕಾಯುತ್ತದೆ, ಬೇಗ ಹಾಳಾಗುತ್ತದೆ. ಚಪ್ಪಟೆ ಜೋಡಣೆ, ಕಾವು, ನೆರಳು ಎಲ್ಲ ಕಳೆದು, ಒಳ್ಳೆ ಬಿಸಿಲಿನ ಪ್ರದೇಶದಲ್ಲಿ ನಾನು ದಿನಕ್ಕೆ 3 ಗಂಟೆ ಪೂರ್ತಿ ವ್ಯಾಟ್ ಸಿಕ್ಕಂತೆ ಅಂತ ಹಿಡಿಯುತ್ತೇನೆ. 660ಕ್ಕೆ ಸುಮಾರು 2000 ವ್ಯಾಟ್-ಅವರ್. ಲಂಗರಿನಲ್ಲಿ ಧಾರಾಳ, ಪಯಣದಲ್ಲಿ ಸ್ವಲ್ಪ ಬಿಗಿ. ಧ್ರುವದ ಕಡೆಗೆ ಹೋದಷ್ಟೂ ಚಳಿಗಾಲದಲ್ಲಿ ಈ ಲೆಕ್ಕ ಕುಸಿಯುತ್ತದೆ.

ಬ್ಯಾಟರಿ ಸಂಜೆ 4ರಿಂದ ಮರುದಿನ ಬೆಳಿಗ್ಗೆ 9ರವರೆಗೆ ದಾಟಿಸಬೇಕು, ಜೊತೆಗೆ ಒಂದು ಮೋಡದ ದಿನ ತಡೆಯಬೇಕು. ಲಂಗರಿನಲ್ಲಿ ಅದಕ್ಕೆ 2000 ವ್ಯಾಟ್-ಅವರ್ ಸಾಕು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 170 ಆಂಪಿಯರ್-ಅವರ್. ಲಿಥಿಯಂ ಐರನ್ ಫಾಸ್ಫೇಟ್ ಆದರೆ 200ರ ಬ್ಯಾಟರಿ ಸಾಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 340ರ ಮೇಲೆ ಬೇಕು. ಲಿಥಿಯಂ ಹಾಕಿದರೆ ಎಂಜಿನ್ನಿನಿಂದ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ನೇರ ಜೋಡಿಸಬೇಡಿ. ಅದು ಪೂರ್ತಿ ಜೋರಲ್ಲಿ ದುಡಿದು ಸುಟ್ಟುಹೋಗಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂಗೆ ಚಾರ್ಜ್ ಕೊಡಲೇಬಾರದು.

ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಪ್ಯಾನೆಲ್ಲಿನಿಂದ ಬರುವ ಉದ್ದದ ದಾರಿಯಲ್ಲಿ 33 ವೋಲ್ಟ್, 10 ಆಂಪಿಯರ್ ಅಷ್ಟೇ. 6 ಚದರ ಮಿಲಿಮೀಟರ್ ವೈರ್ ಸಾಕು, ತವರ ಲೇಪಿಸಿದ್ದೇ ಇರಲಿ, ಉಪ್ಪು ಗಾಳಿಗೆ ಬರೀ ತಾಮ್ರ ಕಪ್ಪಾಗುತ್ತದೆ. ಅಲ್ಲಿಂದ ಬ್ಯಾಟರಿಗೆ 25 ಆಂಪಿಯರ್, ದಪ್ಪನೆಯ ಗಿಡ್ಡ ವೈರ್. ಬ್ಯಾಟರಿಯ ಪ್ಲಸ್ ತುದಿಗೆ ಫ್ಯೂಸ್ ಕಡ್ಡಾಯ. ಅಮೆರಿಕದ ದೋಣಿ ಸುರಕ್ಷತಾ ಸಂಸ್ಥೆ ಎಬಿವೈಸಿಯ ಮಾನದಂಡ ಅದು ಸಾಮಾನ್ಯವಾಗಿ ತುದಿಯಿಂದ 7 ಇಂಚಿನೊಳಗೆ ಇರಬೇಕು ಎನ್ನುತ್ತದೆ. ಲಿಥಿಯಂಗೆ, ಶಾರ್ಟ್ ಸರ್ಕ್ಯೂಟಿನ ಭಾರೀ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸ್ ಹಾಕಿ.

ಎಲ್ಲ ಆದ ಮೇಲೆ, ದೋಣಿಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೊ ಹಚ್ಚಿ, ಕಂಟ್ರೋಲರ್ ಆಫ್ ಮಾಡಿ, ಆನ್ ಮಾಡಿ ಕೇಳಿಸಿಕೊಳ್ಳಿ. ಆನ್ ಇದ್ದಾಗ ಗರಗರ ಸದ್ದು ಜಾಸ್ತಿಯಾದರೆ ಪ್ಯಾನೆಲ್ ವೈರುಗಳನ್ನು ಒಂದಕ್ಕೊಂದು ಹೆಣೆದು ಆಂಟೆನಾ ಕೇಬಲ್ಲಿನಿಂದ ದೂರ ಸಾಗಿಸಿ. ದಿಕ್ಸೂಚಿಯ ಪಕ್ಕ ಹಾಯುವ ವೈರಿಗೂ ಹೆಣಿಗೆ ಬೇಕು. ಇಲ್ಲದಿದ್ದರೆ ಬಿಸಿಲು ಏರಿದಂತೆ ಮುಳ್ಳು ವಾಲುತ್ತದೆ.