ಆಸ್ಕರ್ ಮೀನಿಗೆ ಫಿಲ್ಟರ್ ಆರಿಸುವುದು ಹೇಗೆ?

ಎರಡಿಂಚಿನ ಆಸ್ಕರ್ ಮರಿ, ಎರಡಡಿಯ ಟ್ಯಾಂಕ್, ಮೂಲೆಗೆ ಅಂಟಿಸುವ ಪುಟ್ಟ ಇಂಟರ್ನಲ್ ಫಿಲ್ಟರ್. ಅಂಗಡಿಗಳಲ್ಲಿ ಈ ಮೂರನ್ನೂ ಒಟ್ಟಿಗೇ ಮಾರುತ್ತಾರೆ. ಚೆನ್ನಾಗಿ ತಿಂದರೆ ಮರಿ ತಿಂಗಳಿಗೆ ಹೆಚ್ಚುಕಡಿಮೆ ಒಂದಿಂಚು ಬೆಳೆದು, ವರ್ಷ ತುಂಬುವಷ್ಟರಲ್ಲಿ ಹತ್ತಿಂಚು ಮುಟ್ಟುತ್ತದೆ. ಅಮೆಜಾನ್ ನದಿ ಬಯಲಿನ ಈ ಮೀನು ಪೆಲೆಟನ್ನು, ಅಂದರೆ ಗುಳಿಗೆ ಆಹಾರವನ್ನು, ಸುಮ್ಮನೆ ನುಂಗುವುದಿಲ್ಲ. ಬಾಯಲ್ಲಿ ಹೊರಳಿಸಿ ಅಗಿಯುವಾಗ ಅದರ ಪುಡಿ ಕಿವಿರುಗಳಿಂದ ಹೊಗೆಯ ಹಾಗೆ ಹೊರಗೆ ಬರುತ್ತದೆ. ಮಲವೂ ಅಷ್ಟೇ ಧಾರಾಳ. ನೀರು ಮಬ್ಬಾದಾಗ ಬಹಳ ಜನ ಮಾಡುವುದು ಒಂದೇ ಕೆಲಸ: ಅದೇ ಥರದ ಇನ್ನೊಂದು ಫಿಲ್ಟರ್ ತಂದು ಅಂಟಿಸುತ್ತಾರೆ. ಅದರಿಂದ ಏನೂ ಸುಧಾರಿಸುವುದಿಲ್ಲ.

ಸ್ಪಂಜಿನಲ್ಲಿ ಸಿಕ್ಕಿಕೊಂಡ ಮಲ ಇನ್ನೂ ನೀರಿನಲ್ಲೇ ಇದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ನೀವು ಅದನ್ನು ಎತ್ತಿ ಹೊರಹಾಕುವವರೆಗೆ ನೀರು ಅದರ ಮೇಲೆಯೇ ಹರಿಯುತ್ತದೆ, ಅದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗಿ ಕರಗುತ್ತಲೇ ಇರುತ್ತದೆ. ಹಾಗಾಗಿ ಗಲೀಜು ಮಾಡುವ ಮೀನಿಗೆ ಫಿಲ್ಟರ್ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಕೊಳೆ ಹಿಡಿದ ಪದರವನ್ನು ಎರಡು ನಿಮಿಷದಲ್ಲಿ ಕೈಯಿಂದ ತೆಗೆಯಲು ಆಗುತ್ತದೆಯೇ?

1. ಟ್ಯಾಂಕಿನ ಲೀಟರ್ ಲೆಕ್ಕ

ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿ. ಒಂದು ಆಸ್ಕರ್‌ಗೆ ಕನಿಷ್ಠ 4 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ಟ್ಯಾಂಕ್ ಬೇಕು. 120 × 45 × 45 ಅಂದರೆ 243 ಲೀಟರ್. ಮೇಲಿನ ಎರಡಿಂಚು ಖಾಲಿ ಜಾಗ ಮತ್ತು ತಳದ ಕಲ್ಲು ಕಳೆದರೆ ಸುಮಾರು 210.

2. ಯಾವ ಬಗೆಯ ಫಿಲ್ಟರ್?

ಜಲ್ಲಿಯ ಅಡಿಯಲ್ಲಿ ಹಾಸುವ ಅಂಡರ್‌ಗ್ರಾವೆಲ್ ಪ್ಲೇಟ್ ಬೇಡವೇ ಬೇಡ. ಆಸ್ಕರ್ ಒಂದೇ ರಾತ್ರಿಯಲ್ಲಿ ಜಲ್ಲಿ ಅಗೆದು ಪ್ಲೇಟನ್ನು ಬಯಲು ಮಾಡುತ್ತದೆ. ಇಂಟರ್ನಲ್ ಫಿಲ್ಟರಿನ ಸ್ಪಂಜು ಮುಷ್ಟಿಯಷ್ಟೇ ಇರುವುದರಿಂದ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಏರ್ ಪಂಪಿನ ಸ್ಪಂಜ್ ಫಿಲ್ಟರ್ ಜೊತೆಗಿರಲಿ, ಅದೊಂದನ್ನೇ ನಂಬಬೇಡಿ.

ಟ್ಯಾಂಕಿನ ಹೊರಗೆ ಇಟ್ಟು ಪೈಪ್ ಜೋಡಿಸುವ, ಮುಚ್ಚಿದ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಒಳ್ಳೆಯ ಸಾಧನವೇ. ಆದರೆ ಅದನ್ನು ತೆರೆಯಬೇಕೆಂದರೆ ಸ್ವಿಚ್ ಆರಿಸಿ, ವಾಲ್ವ್ ಮುಚ್ಚಿ, ಪೈಪ್ ಬಿಚ್ಚಿ, ಬಚ್ಚಲಿಗೆ ಹೊತ್ತೊಯ್ಯಬೇಕು. ವಾರಕ್ಕೆರಡು ಸಲ ಇದನ್ನೆಲ್ಲ ಯಾರೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ತೆರೆದಾಗ ಒಳಗೆ ಕಂದು ಕೆಸರು ತುಂಬಿರುತ್ತದೆ. ಅದನ್ನು ಎರಡನೇ ಫಿಲ್ಟರಾಗಿ ಮಾತ್ರ ಇಟ್ಟುಕೊಳ್ಳಿ.

ನಮ್ಮ ಆಯ್ಕೆ ಟ್ಯಾಂಕಿನ ಮೇಲೆ ಕೂರುವ, ಮೂರು ಟ್ರೇಗಳ ಓವರ್‌ಹೆಡ್ ಫಿಲ್ಟರ್. ಒಂದೊಂದು ಟ್ರೇ ಸುಮಾರು 50 × 20 × 10 ಸೆಂ.ಮೀ. ಇರಲಿ. ಟ್ಯಾಂಕಿನ ಅಗಲಕ್ಕಿಂತ ಟ್ರೇ ಉದ್ದವಿದ್ದರೆ ಹಿಂದಿನ, ಮುಂದಿನ ಎರಡೂ ಗೋಡೆಗಳ ಮೇಲೆ ಭದ್ರವಾಗಿ ಕೂರುತ್ತದೆ. ಟ್ಯಾಂಕಿನ ಕೆಳಗೆ ಜಾಗವಿದ್ದು, ಗಾಜಿಗೆ ತೂತು ಕೊರೆಸಲು ಸಿದ್ಧರಿದ್ದರೆ ಸಂಪ್, ಅಂದರೆ ಕೆಳಗಿಟ್ಟ ಇನ್ನೊಂದು ತೊಟ್ಟಿಯಲ್ಲಿ ನೀರು ಸೋಸಿ ಪಂಪಿನಿಂದ ಮೇಲೆ ಕಳಿಸುವ ಏರ್ಪಾಡು, ಇನ್ನೂ ಉತ್ತಮ. ಆದರೆ ಸಂಪ್‌ನಲ್ಲಿ ಒಂದು ಅಪಾಯವಿದೆ. ಕರೆಂಟ್ ಹೋದಾಗ ಪಂಪ್ ನೀರನ್ನು ಮೇಲೆ ಕಳಿಸುವ ಪೈಪಿನಲ್ಲೇ ಟ್ಯಾಂಕಿನ ನೀರು ಕೆಳಗೆ ಇಳಿಯುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಒಂದಿಂಚು ನೀರು ಇಳಿದರೆ ಸುಮಾರು 13.5 ಲೀಟರ್. ಆ ಪೈಪಿಗೆ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಕೊರೆದರೆ ಅಲ್ಲಿಂದ ಗಾಳಿ ಎಳೆದುಕೊಂಡು ಇಳಿಯುವುದು ನಿಲ್ಲುತ್ತದೆ. ಸಂಪನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬದಿದ್ದರೆ ಮನೆಯ ನೆಲ ಒದ್ದೆಯಾಗುವುದಿಲ್ಲ.

3. ಪಂಪ್

ಗಂಟೆಗೆ ಟ್ಯಾಂಕಿನ ನೀರಿನ ಎಂಟು ಪಟ್ಟು ಹರಿಯಬೇಕು. ನಮ್ಮ 210 ಲೀಟರ್‌ಗೆ ಸುಮಾರು 1,700 ಲೀಟರ್. ಡಬ್ಬದ ಮೇಲೆ ಬರೆದ ಅಂಕಿ ಪೈಪ್, ಎತ್ತರ, ಸ್ಪಂಜು ಯಾವುದೂ ಇಲ್ಲದೆ ಅಳೆದದ್ದು. ಆದ್ದರಿಂದ 2,500ರಿಂದ 3,000 ಎಂದು ಬರೆದಿರುವ ಪಂಪ್ ತನ್ನಿ. ಜೊತೆಗೆ ಎಚ್-ಮ್ಯಾಕ್ಸ್ ಎಂಬ ಅಂಕಿಯನ್ನೂ ನೋಡಿ: ಆ ಎತ್ತರದಲ್ಲಿ ಹರಿವು ಸೊನ್ನೆ. ಎತ್ತರವನ್ನು ಪಂಪ್ ಕೂತ ತಳದಿಂದ ಅಳೆಯಬಾರದು, ನೀರಿನ ಮೇಲ್ಮೈಯಿಂದ ಅಳೆಯಬೇಕು. ಓವರ್‌ಹೆಡ್ ಟ್ರೇಗೆ ಅದು ಒಂದೂವರೆ ಅಡಿಯೊಳಗೇ ಮುಗಿಯುತ್ತದೆ, ಸಂಪ್‌ಗೆ ನಾಲ್ಕಡಿ ದಾಟುತ್ತದೆ. ಎಚ್-ಮ್ಯಾಕ್ಸ್ 1.5 ಮೀಟರಿನ ಪಂಪನ್ನು ಸಂಪ್‌ಗೆ ಹಾಕಿದರೆ ಮೇಲೆ ಬರುವುದು ಸಣ್ಣ ಎಳೆ ಮಾತ್ರ.

ಎಲ್ಲ ಜೋಡಿಸಿದ ಮೇಲೆ ನೀರು ಬೀಳುವ ಕಡೆ 10 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 21 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,700 ಲೀಟರ್ ಸರಿಯಾಗಿ ಬರುತ್ತಿದೆ. 40 ಸೆಕೆಂಡ್ ಹಿಡಿದರೆ ಪಂಪ್ ಸಾಲದು.

4. ಟ್ರೇ ತುಂಬುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೇಲಿನ ಟ್ರೇಯಲ್ಲಿ ಬಿಳಿ ಫಿಲ್ಟರ್ ಉಲ್ಲನ್ ಒಂದನ್ನೇ ದಪ್ಪಗೆ ಹಾಸಿಬಿಡುತ್ತಾರೆ. ಒಂದು ದಿನದೊಳಗೆ ಅದರ ಮೇಲೆ ಕಂದು ಬಣ್ಣದ ಲೋಳೆ ಚರ್ಮದ ಹಾಗೆ ಕಟ್ಟುತ್ತದೆ. ನೀರಿಗೆ ಇಳಿಯಲು ದಾರಿ ಸಿಗದೆ ಟ್ರೇಯ ಅಂಚಿನಲ್ಲಿ ಸಂದು ಹುಡುಕಿ, ಕೊಳೆಯನ್ನೂ ಹೊತ್ತು ಕೆಳಗಿನ ಸೆರಾಮಿಕ್ ರಿಂಗುಗಳ ಮೇಲೆ ಸುರಿಯುತ್ತದೆ. ರಿಂಗಿನ ಸಣ್ಣ ರಂಧ್ರಗಳು ಮುಚ್ಚಿಹೋದರೆ, ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾಕ್ಕೆ ಅಲ್ಲಿ ನೆಲೆಯಿಲ್ಲ. ಅಮೋನಿಯಾ ಕಳೆಯಬೇಕಾದ ಜಾಗವೇ ಅಮೋನಿಯಾ ಹುಟ್ಟಿಸುತ್ತದೆ.

ಸರಿಯಾದ ಕ್ರಮ ಇದು. ತೂತುಗಳಿರುವ ಪೈಪಿನಿಂದ ನೀರು ಟ್ರೇಯ ಉದ್ದಕ್ಕೂ ಹರಡಿ ಬೀಳಲಿ. ಅದರ ಕೆಳಗೆ ಎರಡಿಂಚು ದಪ್ಪದ, ದೊಡ್ಡ ರಂಧ್ರದ ಒರಟು ಸ್ಪಂಜು. ಸ್ಪಂಜನ್ನು ಟ್ರೇಗಿಂತ ಪ್ರತಿ ಬದಿಗೆ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ, ಆಗ ಅಂಚಿನಲ್ಲಿ ಸಂದು ಉಳಿಯುವುದಿಲ್ಲ. ಮಲದ ಎಳೆಗಳು, ಪೆಲೆಟ್ ಚೂರು ಇಲ್ಲೇ ನಿಲ್ಲುತ್ತವೆ. ಸ್ಪಂಜಿನ ಕೆಳಗೆ ಉಲ್ಲನ್ ಒಂದೇ ತೆಳು ಪದರ. ಹೊಗೆಯಂಥ ಪುಡಿಯನ್ನು ಹಿಡಿಯುವುದು ಅದು.

ಕೆಳಗಿನ ಎರಡು ಟ್ರೇಗಳಲ್ಲಿ ಸೆರಾಮಿಕ್ ರಿಂಗ್ ಅಥವಾ ಲಾವಾ ಕಲ್ಲು, ಒಟ್ಟು ಎಂಟು ಲೀಟರಿಗೆ ಕಡಿಮೆ ಬೇಡ. ಈರುಳ್ಳಿ ಬರುವ ಬಲೆ ಚೀಲವನ್ನು ಚೆನ್ನಾಗಿ ತೊಳೆದು ಅದರಲ್ಲಿ ತುಂಬಿದರೆ ಎತ್ತಿಡಲು ಸುಲಭ. ಹಣ ಉಳಿಸಬೇಕೆಂದರೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸುರುಳಿ ಸ್ಕ್ರಬ್ಬರ್ ಕೂಡ ನಡೆಯುತ್ತದೆ, ಸೋಪು ತಾಗಿರಬಾರದು. ಸ್ಟೀಲಿನದು ಬೇಡ.

ಆಕ್ಟಿವೇಟೆಡ್ ಕಾರ್ಬನ್ ಪ್ಯಾಕೆಟ್ ದಿನನಿತ್ಯಕ್ಕೆ ದಂಡ. ಔಷಧಿ ಹಾಕಿ ಮುಗಿದ ಮೇಲೆ ಅದನ್ನು ತೆಗೆಯಲು ಮಾತ್ರ ಬೇಕಾಗುತ್ತದೆ. ಅಮೋನಿಯಾ ಹೀರುತ್ತದೆ ಎಂದು ಕೊಡುವ ಜಿಯೋಲೈಟ್ ಕಲ್ಲನ್ನು ನಿರಾಕರಿಸಿ. ಮೀನಿಗೆ ಹುಷಾರಿಲ್ಲವೆಂದು ನೀವು ಟ್ಯಾಂಕಿಗೆ ಕಲ್ಲುಪ್ಪು ಹಾಕಿದ ದಿನವೇ ಅದು ಹೀರಿದ ಅಮೋನಿಯಾವನ್ನು ನೀರಿಗೆ ಬಿಟ್ಟುಕೊಡುತ್ತದೆ.

5. ಬ್ಯಾಕ್ಟೀರಿಯಾ ಬೆಳೆಸುವುದು

ಹೊಸ ರಿಂಗ್ ಬರೀ ಕಲ್ಲು. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ಬಿಡುವ ಮುನ್ನವೇ ಅವುಗಳ ಆಹಾರವಾಗಿ 210 ಲೀಟರ್‌ಗೆ 1.3 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ, ಆದರೆ ಅದರಲ್ಲಿ ಕಲಬೆರಕೆ ಇರಬಹುದು; ಲ್ಯಾಬ್ ದರ್ಜೆಯದೇ ತನ್ನಿ. ಟೆಸ್ಟ್ ಕಿಟ್‌ನಲ್ಲಿ ನೋಡುತ್ತ, ಅಮೋನಿಯಾ ಮುಗಿದಾಗ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಫಿಲ್ಟರ್ ತಯಾರು. ಒಂದು ದೊಡ್ಡ ಪಾಲು ನೀರು ಬದಲಿಸಿ ಮೀನು ಬಿಡಿ.

ಬಾಟಲಿ ಬ್ಯಾಕ್ಟೀರಿಯಾಕ್ಕೆ ದುಡ್ಡು ಸುರಿಯುವುದಕ್ಕಿಂತ, ರೋಗವಿಲ್ಲದ ಹಳೆಯ ಟ್ಯಾಂಕಿನ ಸ್ಪಂಜಿನ ಒಂದು ತುಂಡು ಕೇಳಿ ತಂದು ಟ್ರೇಯಲ್ಲಿಡಿ. ವಾರಗಳು ಉಳಿಯುತ್ತವೆ.

ಬೋರ್‌ವೆಲ್ ನೀರು ಬಳಸುವವರು ಪಿಎಚ್ ನೋಡಲೇಬೇಕು. ಅಮೋನಿಯಾ ಅಷ್ಟೇ ಇದ್ದರೂ ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

6. ತೊಳೆಯುವುದು, ಕರೆಂಟ್ ಹೋದರೆ

ಮೂರು ದಿನಕ್ಕೊಮ್ಮೆ ಉಲ್ಲನ್ ಎಸೆದು ಹೊಸದು ಹಾಕಿ, ಸ್ಪಂಜನ್ನು ಹಿಂಡಿ. ವಾರಕ್ಕೊಮ್ಮೆ ಶೇ 30ರಿಂದ 40ರಷ್ಟು ನೀರು ಬದಲಿಸಲೇಬೇಕು; ನೈಟ್ರೇಟನ್ನು ಈ ಫಿಲ್ಟರ್ ತೆಗೆಯುವುದಿಲ್ಲ. ರಿಂಗುಗಳನ್ನು ಎರಡು ಮೂರು ತಿಂಗಳಿಗೊಮ್ಮೆ, ಒಂದು ಸಲಕ್ಕೆ ಒಂದೇ ಟ್ರೇಯಂತೆ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲಿ ಅದ್ದಿ ಅಲುಗಿಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಕಾರ್ಪೊರೇಷನ್ ನೀರಿನ ಕ್ಲೋರಿನ್ ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಕರೆಂಟ್ ಹೋದಾಗ ಓವರ್‌ಹೆಡ್ ಟ್ರೇಯ ರಿಂಗುಗಳು ಗಾಳಿಯಲ್ಲಿ ಒದ್ದೆಯಾಗಿಯೇ ಇರುವುದರಿಂದ ಬ್ಯಾಕ್ಟೀರಿಯಾ ಬದುಕಿರುತ್ತದೆ. ಮುಚ್ಚಿದ ಕ್ಯಾನಿಸ್ಟರಿನೊಳಗೆ ಮಾತ್ರ ಆಮ್ಲಜನಕ ಬೇಗ ಮುಗಿಯುತ್ತದೆ. ಎರಡು ಗಂಟೆಗಿಂತ ಹೆಚ್ಚು ನಿಂತಿದ್ದರೆ ಹಾಗೆಯೇ ಚಾಲು ಮಾಡಬೇಡಿ. ಮುಚ್ಚಳ ತೆರೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬರಲಿ, ಬಾರದಿರಲಿ, ಒಳಗಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಒಳಗಿನ ಸ್ಪಂಜು, ರಿಂಗುಗಳನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಜಾಲಿಸಿ, ಆಮೇಲೆ ಸ್ವಿಚ್ ಹಾಕಿ.